ನಾಬುಲ್‌ನಲ್ಲಿ ಬರೆಯದ ಕಣ್ಣು

೪ ಏಪ್ರಿಲ್ ೨೦೦೧, ನಾಬುಲ್. ಬೆಳಗ್ಗೆ ೭

ಎದುರು ಮಾಳಿಗೆಯ ಮೇಲೆ ಒಬ್ಬಾಕೆ ಬಿಳಿ ಚಾದರ ಹಾಸಿ ಕಿತ್ತಳೆಯ ಹೂ ಹರವುತ್ತಿದ್ದಳು. ನಮ್ಮಲ್ಲಿ ಶಾವಿಗೆ ಹರವಿದ ಹಾಗೆ. ಭಟ್ಟಿಗೆ ಹಾಕಿ ಅದರ ನೀರು ಇಳಿಸುತ್ತಾರಂತೆ. ಒಂದು ಹೂ ಅವಳ ಕೂದಲಲ್ಲಿ ಸಿಕ್ಕಿತ್ತು. ಅವಳಿಗೆ ಗೊತ್ತಿರಲಿಲ್ಲ. ಕೂಗಿ ಹೇಳಬೇಕೆನಿಸಿತು — ಯಾವ ಭಾಷೆಯಲ್ಲಿ? ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದಿದೆ. ಟ್ಯುನೀಷಿಯಾದ ಈ ಊರಲ್ಲಿ ಅರಬ್ಬಿ, ಇಲ್ಲವೇ ಫ್ರೆಂಚ್.

ಕರಕುಶಲ ಮೇಳಕ್ಕೆ ದಿಲ್ಲಿಯವರು ಕಳಿಸಿದ್ದು ನನ್ನ ಚಿಕ್ಕಪ್ಪನ ಹೆಂಡತಿ ಕಾಶೆವ್ವ ಚಿಗವ್ವನನ್ನು, ಗೋಕಾಕದ ಕಟ್ಟಿಗೆ ಗೊಂಬೆ ಮಾಡಿ ತೋರಿಸಲು. ನಾನು ಜೊತೆಗೆ, ಮಾತಾಡಲು. ಮನೆಯಲ್ಲೇ ಬಾಯಿ ಬಿಡದವಳು!

ನಿನ್ನೆ ಸಮುದ್ರ ತೋರಿಸಿದೆ. "ಇಷ್ಟನ? ಹೊಳಿ ಬಂದಾಗ ನಮ್ಮ ಘಟಪ್ರಭಾ ಇದಕ್ಕಿಂತ ಜಾಸ್ತಿ ಒದರತೈತಿ" ಅಂದಳು. ಆದರೂ ಸೆರಗು ಹಿಡಿದು ಬಹಳ ಹೊತ್ತು ನಿಂತಳು.

೬ ಏಪ್ರಿಲ್, ಸಂಜೆ

ಪಕ್ಕದ ಮಳಿಗೆ ಕುಂಬಾರರದು. ತಂದೆ ತಿಗರಿ ತಿರುಗಿಸುತ್ತಾನೆ. ಮಗಳು ಸಲ್ಮಾ ಬೋಗುಣಿಗಳ ಮೇಲೆ ಮೀನು ಬರೆಯುತ್ತಾಳೆ. ಕತ್ತೆಕೂದಲಿನ ಕುಂಚ. ಒಂದು ಎಳೆತಕ್ಕೆ ಒಂದು ಮೀನು. ಲಗ್ನವಾಗಿ ನಾಲ್ಕು ವರ್ಷ. ಗಂಡನ ಮನೆ ಹಮ್ಮಾಮೆತ್‌ನಲ್ಲಿ, ದಿನಾ ಬಸ್ಸಿಗೆ ಬರುತ್ತಾಳೆ.

ಚಿಗವ್ವನಿಗೆ ನಂಬಿಕೆಯಾಗಲಿಲ್ಲ. "ಲಗ್ನಾದ ಮ್ಯಾಲೂ ತವರಮನಿ ಕೆಲಸ? ಅತ್ತಿ ಸುಮ್ನ ಬಿಟ್ಟಾಳು? ಕೇಳ ಆಕೀನ."

ಕೇಳಿದೆ. "ಅತ್ತೆ ಬೈಯುತ್ತಾಳೆ, ನಾನು ಬರುತ್ತೇನೆ" ಅಂದಳು ಸಲ್ಮಾ — ಪ್ರವಾಸಿಗರಿಂದ ಕಲಿತ ಇಂಗ್ಲಿಷ್ ಅಷ್ಟೇ ಅವಳದು. ಸಾಕಾಯಿತು.

"ಗಟ್ಟಿಗಿತ್ತಿ ಅದಾಳ ಬಿಡ" ಎಂದಳು ಚಿಗವ್ವ.

ನಮ್ಮ ಮನೆಯಲ್ಲಿ ಹಾಗಿಲ್ಲ. ಕೆತ್ತುವುದು, ಹುಣಸೆಬೀಜದ ಅಂಟು ಬಳಿಯುವುದು, ಬಣ್ಣ ಹಚ್ಚುವುದು ಯಾರು ಬೇಕಾದರೂ ಮಾಡಬಹುದು. ಗೊಂಬೆಗೆ ಕಣ್ಣು ಬರೆಯುವುದು ಮಾತ್ರ ಗಂಡುಮಕ್ಕಳಿಗೆ, ಸೊಸೆಯರಿಗೆ. ಮನೆಮಗಳಿಗೆ ಕಲಿಸುವುದಿಲ್ಲ. ಕಲಿಸಿದರೆ ಕೈಯ ಗುಟ್ಟು ಬೇರೆ ಮನೆಗೆ ಹೋಗುತ್ತದೆ. ಚಿಗವ್ವ ಸೊಸೆಯಾಗಿ ಬಂದು ಕಲಿತಳು. ನಾನು ಬಾಗಿಲ ಮರೆಯಲ್ಲಿ ನಿಂತು ಕಲಿತೆ. ರೊಟ್ಟಿ ಹಂಚಿನ ಹಿಂಬದಿ, ಕಡ್ಡಿ, ಸುಣ್ಣದ ನೀರು... ಬರೆದು, ಒರೆಸಿ, ಮತ್ತೆ ಬರೆದು. ಯಾರಿಗೂ ಗೊತ್ತಿಲ್ಲ.

೯ ಏಪ್ರಿಲ್

ಕೊನೆಯ ದಿನ. ಪ್ರತಿ ದೇಶದವರೂ ಒಂದು ವಸ್ತು ಈ ಊರಿಗೆ ಬಿಟ್ಟುಹೋಗಬೇಕು. ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಚಿಗವ್ವ ಗಿಳಿ ಆರಿಸಿದಳು. ಕಣ್ಣೊಂದು ಬಾಕಿ. ಕುಂಚ ಎತ್ತಿದಳು, ಕೈ ನಡುಗಿತು. ಒರೆಸಿದಳು. ಮತ್ತೆ ನಡುಗಿತು. ಸುತ್ತ ಜನ.

ಕುಂಚ ನನ್ನ ಕಡೆ ಚಾಚಿದಳು. "ಸುಮನ್, ನೀ ಬರಿ."

"ನನಗ ಬರೂದಿಲ್ಲ."

"ಹಂಚಿನ ಹಿಂದ ಯಾರ ಬರೀತಾರ ಮತ್ತ? ಬೆಕ್ಕ?"

ಗೊತ್ತಿತ್ತು ಅವಳಿಗೆ! ಯಾವಾಗಿನಿಂದ?

"ಅಪ್ಪಾ ಬೈತಾನ, ಚಿಗವ್ವಾ."

"ನಿಮ್ಮಪ್ಪ ಗೋಕಾಕದಾಗ ಅದಾನ. ಇಲ್ಲಿ ಯಾರ ಅದಾರ? ಹಿಡಿ."

ಹಿಡಿಯಲಿಲ್ಲ. ಸಾವಿರಾರು ಮೈಲು ದೂರ ಬಂದರೂ ಅಪ್ಪ ಬೆನ್ನ ಹಿಂದೆ ನಿಂತಂತೆ. ಕಣ್ಣಿಲ್ಲದ ಗೊಂಬೆಯನ್ನು ನಾವು ಪರರಿಗೆ ಕೊಡುವುದಿಲ್ಲ. ಕಪಾಟಿಗೆ ಒಂದು ಕಟ್ಟಿಗೆಯ ಮಾವಿನಹಣ್ಣು ಹೋಯಿತು. ಹಣ್ಣಿಗೆ ಕಣ್ಣು ಬೇಡ.

ಸಲ್ಮಾ ಎಲ್ಲವನ್ನೂ ನೋಡುತ್ತಿದ್ದಳು. ಯಾಕೆಂದು ಕೇಳಿದ್ದರೆ ಚೆನ್ನಾಗಿತ್ತು.

೩ ಜೂನ್, ಗೋಕಾಕ

ಎರಡು ತಿಂಗಳು ಏನೂ ಬರೆದಿಲ್ಲ.

ಕಣ್ಣು ಮುಚ್ಚಿದರೆ ಆ ಓಣಿ. ನೀಲಿ ಬಾಗಿಲು. ಹಸಿ ಮಣ್ಣಿನ ವಾಸನೆ, ಅದರೊಳಗೆ ಸಮುದ್ರದ ಉಪ್ಪು. ಸಲ್ಮಾ ಕುಂಚ ತೊಳೆಯುತ್ತಿದ್ದ ಡಬ್ಬಿ. ಮತ್ತೆ ಹೋಗಬೇಕು, ಒಂದೇ ಒಂದು ನಿಮಿಷಕ್ಕೆ — ಕುಂಚ ಚಾಚಿದ ಆ ನಿಮಿಷಕ್ಕೆ. ಅಲ್ಲಿಗೆ ಯಾವ ವಿಮಾನವೂ ಹೋಗುವುದಿಲ್ಲ.

ಚಿಗವ್ವ ಆ ಮಾತೇ ಎತ್ತುವುದಿಲ್ಲ. ಕೈ ಇನ್ನು ಸರಿಹೋಗದು ಎಂದರಂತೆ ಬೆಳಗಾವಿಯ ಡಾಕ್ಟರು. ಅವಳಿಗೆ ಮಗನಿಲ್ಲ, ಸೊಸೆಯಿಲ್ಲ; ನನಗೂ ಅಣ್ಣತಮ್ಮಂದಿರಿಲ್ಲ. ಅಪ್ಪನ ಕೈಯಲ್ಲಿ ಕಣ್ಣು ಮೂಡುವುದಿಲ್ಲ, ಅವನೇ ಒಪ್ಪುತ್ತಾನೆ. ಊಟಕ್ಕೆ ಕೂತಾಗ ಅಂದ: "ಇನ್ನ ಮ್ಯಾಲ ಬರೇ ಹಣ್ಣ ಮಾಡೂಣು. ಗಿಳಿ, ನವಿಲ ಎಲ್ಲಾ ಸಾಕು."

ಎದುರಿಗೇ ಕೂತಿದ್ದೆ. ರೊಟ್ಟಿ ಮುರಿಯುತ್ತಾ.

೧೨ ಜೂನ್, ಮಂಗಳವಾರ

ಗುರುವಾರ ನನ್ನನ್ನು ನೋಡಲು ಮೂಡಲಗಿಯಿಂದ ಬರುತ್ತಾರೆ. ಹುಡುಗ ಹುಕ್ಕೇರಿಯಲ್ಲಿ ಮಾಸ್ತರ. ಅಪ್ಪ ಪಾಠ ಹೇಳಿಕೊಡುತ್ತಿದ್ದಾನೆ: "ಏನೇನ ಬರತೈತಿ ಅಂತ ಕೇಳಿದ್ರ, ಅಡಗಿ ಬರತೈತ್ರಿ, ಹೊಲಿಗಿ ಬರತೈತ್ರಿ ಅನ್ನು. ಫಾರಿನ್ನಿಗೆ ಹೋಗಿದ್ದು ಹೇಳಬ್ಯಾಡ, ಅಂಜತಾರ."

ಚಿಗವ್ವ ಒಳಗಿನಿಂದಲೇ: "ಅಷ್ಟಕ್ಕ ಅಂಜಿ ಓಡಿಹೋಗಾವಗ ಹುಡುಗೀನ ಯಾಕ ಕೊಡ್ತೀರಿ, ಭಾವಾರ?"

ಅಪ್ಪ ಕೆಮ್ಮಿದ. ನನಗೆ ನಗು ತಡೆಯಲಾಗಲಿಲ್ಲ.

೧೩ ಜೂನ್

ಇಂದು ಕಪ್ಪು ಅರೆದು ಚಿಪ್ಪಿನಲ್ಲಿ ತುಂಬಿಟ್ಟೆ. ಯಾರೂ ಕೇಳಲಿಲ್ಲ.

ನಾಳೆ ಚಹಾದ ತಾಟು ಹಿಡಿದು ಒಳಗಿನಿಂದ ಬರುವುದಿಲ್ಲ. ಅವರು ಬರುವ ಮೊದಲೇ ಪಡಸಾಲೆಯಲ್ಲಿ, ಚಿಗವ್ವನ ಮಣೆಯ ಮೇಲೆ ಕೂತಿರುತ್ತೇನೆ, ಕಣ್ಣು ಬರೆಯುತ್ತಾ. ಏನು ಬರುತ್ತದೆ ಎಂದು ಕೇಳುವ ಮೊದಲೇ ಅವರು ನೋಡಿರುತ್ತಾರೆ. ಅಪ್ಪನೂ.

ಚಿಗವ್ವನಿಗೂ ಹೇಳಿಲ್ಲ. ಆದರೆ ಆಗಲೇ ಮಣೆ ಒರೆಸಿ, ಬೆಳಕು ಬೀಳುವ ಕಡೆ ತಿರುಗಿಸಿ ಇಟ್ಟಿದ್ದಾಳೆ. ಇದೂ ಅವಳಿಗೆ ಗೊತ್ತಾಗಿರಬೇಕು.