ತಾಯಿ ಗೈರು, ಮನವಿ ವಜಾ

ವಿದ್ಯಾರ್ಥಿವೇತನದ ಮೇಲ್ಮನವಿ ಕೇಳುವ ಮಾನ್ಯ ಅಧಿಕಾರಿಗಳೇ,

ನನ್ನ ವಿದ್ಯಾರ್ಥಿವೇತನವನ್ನು ನೀವು ನಿಲ್ಲಿಸಿದಿರಿ. ಕಾರಣ, 'ಶೈಕ್ಷಣಿಕ ಪ್ರಗತಿ ತೃಪ್ತಿಕರವಾಗಿಲ್ಲ.' ಮೇಲ್ಮನವಿ ಹಾಕಿದೆ. ಅದನ್ನೂ ವಜಾ ಮಾಡಿದಿರಿ. ಕಾರಣ, 'ವಿಚಾರಣೆಗೆ ಪೋಷಕರು ಗೈರು.' ಆ ಪೋಷಕರು ಎಲ್ಲಿದ್ದರು ಎಂದು ಕೇಳುವ ಸೌಜನ್ಯ ನಿಮಗಿರಲಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನನ್ನ ತಂದೆ ಮೌಲಾಸಾಬ್, ನ್ಯಾಮತಿ ಮತ್ತು ಹೊನ್ನಾಳಿಯ ಸಂತೆಗಳಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ ಮಾರುತ್ತಿದ್ದರು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ, ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಅಮ್ಮಿ ಇದ್ದತ್‌ಗೆ ಕೂತರು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳಿಗೂ ಮೇಲ್ಪಟ್ಟು ಹೊಸ್ತಿಲು ದಾಟದೆ ಇರುವ ನಮ್ಮ ಪದ್ಧತಿ ಅದು. ಹೊಟ್ಟೆ ಅಷ್ಟು ದಿನ ಕಾಯುವುದಿಲ್ಲವಲ್ಲ. ಅಣ್ಣತಮ್ಮಂದಿರಿಲ್ಲದ ಮನೆಯಿಂದ ಸಂತೆಗೆ ಹೊರಟವಳು ನಾನೇ.

ಸಂತೆಯಲ್ಲೂ ಹಾಜರಿ ಇದೆ, ಮಾನ್ಯರೇ. ಅಲ್ಲಿ ಜಾಗಕ್ಕೆ ಯಾರೂ ಪತ್ರ ಮಾಡಿಕೊಡುವುದಿಲ್ಲ. ವಾರವಾರ ಟಾರ್ಪಾಲು ಹಾಸಿದವರದೇ ಜಾಗ. ಬಿಟ್ಟರೆ ಅಲ್ಲಿ ಬೇರೊಬ್ಬರ ಈರುಳ್ಳಿ ರಾಶಿ ಬಿದ್ದಿರುತ್ತದೆ. ನಮ್ಮ ಅಬ್ಬಾ ವರ್ಷಗಟ್ಟಲೆ ಕೂತು ಉಳಿಸಿಕೊಂಡ ಜಾಗ ಹೋದರೆ, ಇದ್ದತ್ ಮುಗಿಸಿ ಬಂದ ಅಮ್ಮಿ ಎಲ್ಲಿ ಕೂರಬೇಕಿತ್ತು? ನಿಮ್ಮ ಕಚೇರಿಯ ಸೋಫಾದ ಮೇಲೋ? ಸಂತೆಯ ದಿನಗಳಲ್ಲೇ ನನಗೆ ಲ್ಯಾಬ್ ಇತ್ತು. ಹಾಜರಿ ಕಡಿಮೆಯಾಯಿತು, ಎರಡು ವಿಷಯದಲ್ಲಿ ಫೇಲಾದೆ. ಒಪ್ಪುತ್ತೇನೆ. ಫಲಿತಾಂಶ ಬಂದ ವಾರವೇ ನೀವು ಆದೇಶ ಹೊರಡಿಸಿದಿರಿ. ಮಂಜೂರು ಮಾಡುವಾಗ ವರ್ಷ ಎಳೆದಾಡಿದ ಕಚೇರಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಈ ಚುರುಕು?

ವಿಚಾರಣೆಯೂ ಸಂತೆಯ ದಿನವೇ. ಪಕ್ಕದಲ್ಲಿ ಹಗ್ಗ ಮಾರುವ ದುರುಗಪ್ಪನವರಿಗೆ ಹೇಳಿದೆ. "ಹೋಗಿ ಬಾರವ್ವ. ನಿನ್ ಟಾರ್ಪಾಲು ನಾನ್ ಹಾಸ್ತೀನಿ. ನಿಮ್ಮಪ್ಪನ ಜಾಗಕ್ಕೆ ಯಾವನ್ ಬರ್ತಾನೋ ನೋಡ್ತೀನಿ" ಎಂದರು. ನಿಮ್ಮ ಕಚೇರಿಗೆ ಬಂದು, ಅಮ್ಮಿ ಇದ್ದತ್‌ನಲ್ಲಿದ್ದಾರೆ, ಫೋನಿನಲ್ಲಿ ಮಾತಾಡುತ್ತಾರೆ ಎಂದೆ. ನಿಮ್ಮ ಗುಮಾಸ್ತರು ನಕ್ಕರು.

"ಮಗಳಿಗೆ ಸಂತೇಲಿ ಕೂರಾಕೆ ಆಗ್ತೈತೆ, ತಾಯಿಗೆ ಇಲ್ಲಿಗೆ ಬರಾಕೆ ಆಗಲ್ಲೇನಮ್ಮ?"

ನೀವು ಒಳಗೇ ಇದ್ದಿರಿ, ಬಾಗಿಲು ತೆರೆದೇ ಇತ್ತು. ತಲೆ ಎತ್ತಿ ಕೂಡ ನೋಡಲಿಲ್ಲ. ಅವತ್ತು ಬಸ್ಸಿನಲ್ಲಿ ನಾನು ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ. ಸಂತೆಗೆ ಬಂದು ನೋಡಿದರೆ ನನ್ನ ಟಾರ್ಪಾಲು ಹಾಸಿದ ಹಾಗೇ ಇತ್ತು. ದುರುಗಪ್ಪನವರು ತಮ್ಮ ಹಗ್ಗದ ಗಿರಾಕಿಯನ್ನು ನಿಲ್ಲಿಸಿ ನನ್ನ ಬಕೆಟ್ ಮಾರುತ್ತಿದ್ದರು.

ಈಗ ಇದ್ದತ್ ಮುಗಿದು ಅಮ್ಮಿ ತಾವೇ ಸಂತೆಗೆ ಹೋಗುತ್ತಿದ್ದಾರೆ. ನಾನು ಮತ್ತೆ ಪರೀಕ್ಷೆ ಬರೆದು ಎರಡೂ ವಿಷಯ ಪಾಸಾಗಿದ್ದೇನೆ. ಆದರೂ ಮೂರನೇ ವರ್ಷಕ್ಕೆ ಸೇರಲು ವಿದ್ಯಾರ್ಥಿವೇತನವಿಲ್ಲದೆ ದಾರಿಯಿಲ್ಲ. ಇನ್ನೆಷ್ಟು ಪ್ರಗತಿ ಬೇಕು ನಿಮಗೆ? ಮೇಲ್ಮನವಿಯನ್ನು ಮತ್ತೆ ತೆರೆಯಿರಿ. ಅಮ್ಮಿ ಬರುತ್ತಾರೆ, ಅವರನ್ನು ಕೂರಿಸಿ ಅವರ ಮಾತು ಕೇಳಿ. ಕಾಲೇಜಿನ ದಾಖಲಾತಿ ಮುಗಿಯುವ ಮೊದಲೇ ಆದೇಶ ಕೊಡಿ. ದಯೆ ಕೇಳುತ್ತಿಲ್ಲ, ನನ್ನ ಹಕ್ಕು ಕೇಳುತ್ತಿದ್ದೇನೆ. ಹಗ್ಗ ಮಾರುವವರು ಸಂತೆಯಲ್ಲಿ ನನ್ನ ಜಾಗ ಕಾದರು. ಓದಿಸಲೆಂದೇ ಸಂಬಳ ಪಡೆಯುವ ನೀವು ಕಾಲೇಜಿನಲ್ಲಿದ್ದ ನನ್ನ ಜಾಗವನ್ನು ತೆಗೆದಿರಿ.

ಇಂತಿ,
ಸಂತೆಯಲ್ಲಿ ಹಾಜರಿದ್ದು ನಿಮ್ಮ ಕಡತದಲ್ಲಿ ಗೈರಾದವಳು,
ರುಹೀನಾ, ನ್ಯಾಮತಿ