ಲಿಲ್ಯಾಳ ಫೋಟೋ ದಿನದ ಜಡೆ

ವಿನಿಪೆಗ್,
ಅಕ್ಟೋಬರ್ 4

ಪ್ರೀತಿಯ ಅಪ್ಪನಿಗೆ,

ಸರೋವರದ ಮೇಲೆ ಗಾಳಿ ಜೋರಾಗಿದೆಯಂತೆ, ದೋಣಿ ಹುಷಾರು. ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಹೂಂ ಅಂದು, ಇಟ್ಟ ಮೇಲೆ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ಲಿಲ್ಯಾಳ ಸ್ಕೂಲಿನಲ್ಲಿ ಫೋಟೋ. ಅಮ್ಮ ಗಣಿ ಕ್ಯಾಂಪಿನ ಅಡುಗೆ ಕೆಲಸದಿಂದ ಮನೆಗೆ ಬರುವುದು ಅದರ ಮುಂದಿನ ವಾರ. ಹಾಗಾಗಿ ಎಲ್ಲ ನಿನ್ನ ಮೇಲೆ. ಟೆನ್ಷನ್ ಬೇಡ, ಪ್ಲಾನ್ ಮಾಡಿದರೆ ಸುಲಭ.

ಮೊದಲನೆಯದಾಗಿ, ಅಜ್ಜಿ ಹೆಣೆದ ಹಸಿರು ಸ್ವೆಟರ್ ಬೇಡ. ನನಗೆ ಚಿಕ್ಕದಾಯಿತೆಂದು ಎತ್ತಿಟ್ಟದ್ದು ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಫೋಟೋದವರು ಹಿಂದೆ ಹಸಿರು ಪರದೆ ಕಟ್ಟಿ, ಆಮೇಲೆ ಕಂಪ್ಯೂಟರಿನಲ್ಲಿ ಹಸಿರಿದ್ದಲ್ಲೆಲ್ಲ ಕೆಂಪೆಲೆಯ ಮರ ತುಂಬುತ್ತಾರೆ. ಎರಡನೇ ಕ್ಲಾಸಿನಲ್ಲಿ ನನಗೇನಾಯಿತು ನೆನಪಿದೆಯಲ್ಲ? ಎದೆಯ ಜಾಗದಲ್ಲಿ ಬರೀ ಎಲೆ, ಮೇಲೆ ತೇಲುವ ತಲೆ. "ಬಿಡೇ, ಕತ್ತಿನಿಂದ ಮೇಲೆ ಚೆನ್ನಾಗಿ ಬಂದಿದೀಯ" ಅಂದೆ ನೀನು. ಚಳಿಗಾಲವಿಡೀ ಆ ತಲೆ ಫ್ರಿಜ್ಜಿನ ಮೇಲಿತ್ತು.

ಇನ್ನು ಜಡೆ. ಮೊನ್ನೆ ಲಿಲ್ಯಾ ಫೋನಿನಲ್ಲಿ, "ಅಪ್ಪನ ಕೈ ಮೀನು ವಾಸ್ನೆ ಕಣಕ್ಕ. ನೀನೇ ಬಾ. ಇಲ್ಲಾಂದ್ರೆ ಟೋಪಿ ಹಾಕ್ಕೊಂಡೇ ಕೂತ್ಕೋತೀನಿ, ನಗೋದೂ ಇಲ್ಲ" ಎಂದು ಹಟ ಹಿಡಿದಳು. ಹಿಂದಿನಿಂದ ನೀನು, "ಇಷ್ಟ್ ವರ್ಷ ಮೀನು ಹಿಡಿದಿದೀನಿ, ಒಂದಕ್ಕೂ ಜಡೆ ಇರ್ಲಿಲ್ಲ" ಎಂದು ಗೊಣಗಿದ್ದೂ ಕೇಳಿಸಿತು. ಬಲೆ ಹೆಣೆಯುವವನಿಗೆ ಜಡೆ ಯಾವ ಮಹಾ ವಿದ್ಯೆ ಅಪ್ಪ? ಮೂರು ಎಳೆ ಮಾಡಿಕೋ. ಎಡದ್ದು ನಡುವಿಗೆ, ಬಲದ್ದು ನಡುವಿಗೆ. ಗಂಟು ಮಾತ್ರ ಹಾಕಬೇಡ! ಹಿಂದಿನ ಸಂಜೆಯೇ ಕೂದಲು ಒದ್ದೆ ಮಾಡಿ, ತುದಿಯಿಂದ ಸಿಕ್ಕು ಬಿಡಿಸು. ಕೈಗೆ ನಿಂಬೆಹಣ್ಣು ಉಜ್ಜು. ಬೆಳಗ್ಗೆ ಜಾಮ್ ತಿಂದು ಮುಗಿಸಿದ ಮೇಲೆಯೇ ಒಳ್ಳೆಯ ಅಂಗಿ. ಅವತ್ತೊಂದು ದಿನ ದೋಣಿ ತಡವಾಗಿ ಹೊರಡಲಿ. ಮುಂದಿನ ಹಲ್ಲು ಬಿದ್ದಿದೆಯೆಂದು ಬಾಯಿ ಮುಚ್ಚಿಕೋ ಅನ್ನಬೇಡ.

ನಾನೇ ಬರುತ್ತಿದ್ದೆ. ಗುರುವಾರ ಕೆಮಿಸ್ಟ್ರಿ ಟೆಸ್ಟ್ ಇದೆ.

ಹೈಸ್ಕೂಲಿನ ಹಾಸ್ಟೆಲಿನಲ್ಲಿದ್ದಾಗ ಫೋಟೋ ದಿನ ಹುಡುಗಿಯರೆಲ್ಲ ನನ್ನ ಮುಂದೆ ಸಾಲು ನಿಲ್ಲುತ್ತಿದ್ದರು. "ಸಿಗ್ರುನ್, ನಂಗೆ ಬಿಗಿಯಾಗಿ ಹಾಕೇ, ಹುಬ್ಬು ಮೇಲಕ್ಕೆ ಹೋಗ್ಬೇಕು!" ನನಗೆ ಜಡೆ ಹಾಕಲು ಬರುತ್ತದೆಂದು ಇಲ್ಲಿ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ರೂಮಿನವಳು ಬ್ರಿಯೆಲ್, ಒಳ್ಳೆಯವಳೇ. ನಿನ್ನೆ ಸಂಜೆ ಗೆಳತಿಯರನ್ನು ಕರೆದುಕೊಂಡು ಬಂದು ಲೈಟ್ ಹಾಕಿ, "ಅಯ್ಯೋ, ನೀನು ಇಲ್ಲೇ ಇದ್ಯಾ? ಸಾರಿ ಕಣೇ, ಗೊತ್ತೇ ಆಗ್ಲಿಲ್ಲ" ಎಂದಳು. ಅವರ ಜೊತೆ ನಾನೂ ನಕ್ಕೆ. ನಾನೇನು ಹಸಿರು ಸ್ವೆಟರ್ ಹಾಕಿರಲಿಲ್ಲ.

ಓದು ಸಾಗಿದೆ. ಊಟ ಸೇರುತ್ತದೆ. ನನ್ನ ಚಿಂತೆ ಬಿಟ್ಟು ಜಡೆ ಪ್ರಾಕ್ಟೀಸ್ ಮಾಡು; ಬಲೆಯ ಹಗ್ಗದಲ್ಲೇ ಮಾಡಬಹುದು.

ನಿನ್ನ ದೊಡ್ಡ ಮಗಳು,
ಸಿಗ್ರುನ್

ತಾ.ಕ.: ಗುರುವಾರ ಟೆಸ್ಟ್ ಇಲ್ಲ ಅಪ್ಪ. ಬಸ್ಸೂ ಇದೆ. ಬಂದು ಅವಳ ತಲೆ ಮುಟ್ಟಿದೆನೆಂದರೆ ಮತ್ತೆ ಇಲ್ಲಿಗೆ ಹೊರಡುವುದು ನನ್ನ ಕೈಲಾಗದು. ಲಿಲ್ಯಾಗೆ ಮಾತ್ರ ಟೆಸ್ಟ್ ಅಂತಲೇ ಹೇಳು. ಜಡೆ ಸೊಟ್ಟಗಾದರೂ ಎರಡನೇ ಸಲ ಫೋಟೋ ತೆಗೆಸಬೇಡ. ಅದರದ್ದೇ ಒಂದು ಪ್ರತಿ ನನಗೆ ಕಳಿಸು. ನಿನ್ನ ಕೈ ಅದರಲ್ಲಿ ಕಾಣುತ್ತದೆ.