ಕತ್ತಲೆಯ ಮೂರು ಚೀಟಿಗಳು

ಅಪ್ಪಾ,

ನೀವು ಹೋದ ಮೇಲೆ ನಿಮ್ಮ ಇಂಗ್ಲಿಷ್-ಕನ್ನಡ ನಿಘಂಟು ನನ್ನ ಕೊರಳಿಗೆ ಬಿದ್ದಿದೆ. ಇವತ್ತು ಪ್ರೆಸ್ಸಿನವರು ಫೋನ್ ಮಾಡಿ ಬೈದರು. ಟೆನೆಬ್ರಸ್ ಪದಕ್ಕೆ ನೀವು ‘ನೋಡಿ: ಸ್ಟಿಜಿಯನ್’ ಎಂದು ಬರೆದಿದ್ದೀರಿ. ಸ್ಟಿಜಿಯನ್ ಪದಕ್ಕೆ ‘ನೋಡಿ: ಕ್ಯಾಲಿಜಿನಸ್’. ಅಲ್ಲಿಗೆ ಹೋದರೆ ‘ನೋಡಿ: ಟೆನೆಬ್ರಸ್’. ಮೂರೂ ಕತ್ತಲೆಯ ಪದಗಳಂತೆ, ಅರ್ಥ ಮಾತ್ರ ಎಲ್ಲೂ ಇಲ್ಲ.

“ಓದೋರನ್ನ ಗಾಣದ ಎತ್ತು ಅಂದ್ಕೊಂಡಿದ್ರಾ ನಿಮ್ಮಪ್ಪ?” ಎಂದರು.

ಒಂದು ಅಲ್ಪವಿರಾಮಕ್ಕೂ ನನ್ನ ಜೀವ ತಿಂದವರು ನೀವು. ಸಿಟ್ಟಿನಲ್ಲಿ ಆ ಮೂರು ಪದಗಳಿಗೆ ನೀವು ಕೈಯಾರೆ ಬರೆದಿಟ್ಟ ಚೀಟಿಗಳನ್ನೇ ತೆಗೆದು ನೋಡಿದೆ. ಮೂರರಲ್ಲೂ ಅಕ್ಷರಗಳು ಗೆರೆ ಬಿಟ್ಟು ಇಳಿದು ಒಂದರ ಮೇಲೊಂದು ಕೂತಿವೆ. ಕೆಳಗಿನ ತಾರೀಕು ಆ ಕೊನೆಯ ಮಾರ್ಚ್ ತಿಂಗಳದ್ದು. “ಈ ದೀಪ ಯಾಕೋ ಮಂಕಾಗಿದೆ, ನೋಡಮ್ಮ” ಎಂದು ನೀವು ಪದೇ ಪದೇ ಹೇಳುತ್ತಿದ್ದ ತಿಂಗಳು.

ನಾನು ಗೊಣಗಿಕೊಂಡು ಮೂರು ಸಲ ಬಲ್ಬ್ ಬದಲಾಯಿಸಿದೆ.